ಗಾಳಿ ನೋಡಿ ಗಾಡಿ ತೆಗೆಯಿರಿ

ಐಸ್‌ಲ್ಯಾಂಡಿನ ಕೆಫ್ಲಾವಿಕ್ ವಿಮಾನ ನಿಲ್ದಾಣದ ಪಕ್ಕ ಬಾಡಿಗೆ ಕಾರಿನ ಕೀ ಕೊಡುವಾಗ ಕೌಂಟರಿನವರು ಒತ್ತಿ ಹೇಳುವ ಮಾತಿಗೂ ಇಂಜಿನ್ನಿಗೂ ಬ್ರೇಕಿಗೂ ಸಂಬಂಧವಿಲ್ಲ. ‘ಬಾಗಿಲು ತೆಗೆಯುವಾಗ ಗಟ್ಟಿಯಾಗಿ ಹಿಡಿದುಕೊಳ್ಳಿ’ ಎನ್ನುತ್ತಾರೆ. ನಗು ಬರುತ್ತದೆ. ಆದರೆ ಗಾಳಿ ಹಿಂದಿನಿಂದ ಬೀಸುತ್ತಿರುವಾಗ ಅರ್ಧ ತೆರೆದ ಬಾಗಿಲು ಕೈತಪ್ಪಿ ಮುಂದಕ್ಕೆ ಹಾರುತ್ತದೆ, ಕೀಲು ಮುರಿಯುತ್ತದೆ, ತಗಡು ಮಡಚಿಕೊಳ್ಳುತ್ತದೆ. ಬಹುತೇಕ ವಿಮೆಗಳಲ್ಲಿ ಈ ನಷ್ಟಕ್ಕೆ ಪರಿಹಾರವಿಲ್ಲ. ಹಾಗಾಗಿ ಅಲ್ಲಿ ತಿಳಿದವರು ಕಾರಿನ ಮೂತಿ ಗಾಳಿಗೆದುರಾಗಿರುವಂತೆ ನಿಲ್ಲಿಸುತ್ತಾರೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನುತ್ತದೆ ನಮ್ಮ ಗಾದೆ. ಆ ದ್ವೀಪದಲ್ಲಿ ಗಾಳಿ ಬಂದಾಗ ಕದ ಹಾಕಿಕೊಂಡು ಕೂತವನೇ ಜಾಣ.

ಸ್ವಂತ ಸಾರಥ್ಯದ ಪ್ರವಾಸಕ್ಕೆ ಐಸ್‌ಲ್ಯಾಂಡಿನಷ್ಟು ಒದಗಿಬರುವ ದೇಶ ಉತ್ತರ ಯುರೋಪಿನಲ್ಲಿ ಇನ್ನೊಂದಿಲ್ಲ. ರೈಲು ಇಲ್ಲವೇ ಇಲ್ಲ. ರಾಜಧಾನಿ ರೇಕ್ಯಾವಿಕ್ ದಾಟಿದರೆ ಬಸ್ಸು ಅಪರೂಪ. ಸುಮಾರು 1,03,000 ಚದರ ಕಿ.ಮೀ. ವಿಸ್ತೀರ್ಣ, ಅಂದರೆ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಮಾತ್ರ 4 ಲಕ್ಷದ ಆಸುಪಾಸು, ಅವರಲ್ಲೂ ಮೂರನೇ ಎರಡು ಪಾಲು ರೇಕ್ಯಾವಿಕ್ ಸುತ್ತಮುತ್ತಲೇ ಇದ್ದಾರೆ. ಉಳಿದದ್ದೆಲ್ಲ ಲಾವಾ, ಹಿಮನದಿ, ಹುಲ್ಲುಗಾವಲು ಮತ್ತು ಕುರಿ. ಇವೆಲ್ಲವನ್ನೂ ಸುತ್ತುವರಿದು ಸುಮಾರು 1,322 ಕಿ.ಮೀ. ಉದ್ದದ ಒಂದೇ ಹೆದ್ದಾರಿ ಇದೆ. ಅದರ ಸಂಖ್ಯೆಯೂ 1. ಪ್ರವಾಸಿಗರ ಬಾಯಲ್ಲಿ ಅದು ರಿಂಗ್ ರೋಡ್. ಬೆಂಗಳೂರಿನ ರಿಂಗ್ ರೋಡಿನ ಚಿತ್ರ ಮನಸ್ಸಿಗೆ ಬಂದಿದ್ದರೆ ದಯವಿಟ್ಟು ಅಳಿಸಿಹಾಕಿ. ಇದು ಬಹುಪಾಲು ಎರಡೇ ಪಥದ, ಅಂಚಿನಲ್ಲಿ ಹೆಚ್ಚು ಜಾಗವಿಲ್ಲದ, ಬೇಲಿಯೂ ಬೀದಿದೀಪವೂ ಇಲ್ಲದ ಸಾದಾ ಡಾಂಬರು ರಸ್ತೆ.

ಈ ವರ್ತುಲ ಪೂರ್ಣಗೊಂಡದ್ದು 1974ರಲ್ಲಿ. ಅಲ್ಲಿಯವರೆಗೆ ಅದಕ್ಕೆ ಅಡ್ಡಿಯಾಗಿದ್ದದ್ದು ದಕ್ಷಿಣ ಕರಾವಳಿಯ ಸ್ಕೇಥರಾರ್‌ಸಾಂಡುರ್ ಎಂಬ ಕಪ್ಪು ಮರಳಿನ ಬಯಲು. ಅದರ ನೆತ್ತಿಯ ಮೇಲೆ ವಾತ್ನಾಯೋಕುಲ್ ಹಿಮರಾಶಿ, ಹಿಮದಡಿಯಲ್ಲಿ ಜ್ವಾಲಾಮುಖಿಗಳು. ಕೆಳಗೆ ಬೆಂಕಿ ಹೊತ್ತಿದಾಗ ಮೇಲಿನ ಹಿಮ ಕರಗಿ, ನೀರು ಒಂದೆಡೆ ಸೇರಿ, ಒಂದು ದಿನ ದಡ ಒಡೆದು ಬಯಲಿನ ಮೇಲೆ ನುಗ್ಗುತ್ತದೆ. ಇಂಥ ನೆಲದಲ್ಲಿ ಸೇತುವೆ ಕಟ್ಟುವ ಧೈರ್ಯ ಯಾರಿಗಿದ್ದೀತು? ಆಗ್ನೇಯದ ಹಪ್ನ್ ಊರಿನವರು ರೇಕ್ಯಾವಿಕ್‌ಗೆ ಕಾರಿನಲ್ಲಿ ಬರಬೇಕೆಂದರೆ ಉತ್ತರದ ಕಡೆಯಿಂದ ಇಡೀ ದೇಶವನ್ನು ಬಳಸಿಕೊಂಡು ಬರಬೇಕಿತ್ತು. ದ್ವೀಪದಲ್ಲಿ ಜನವಸತಿ ಶುರುವಾಗಿ 1,100 ವರ್ಷವಾಯಿತೆಂದು ದೇಶ ಸಂಭ್ರಮಿಸಿದ 1974ರ ಬೇಸಿಗೆಯಲ್ಲಿ ಕೊನೆಗೂ ಸೇತುವೆಗಳು ಎದ್ದವು.

1996ರ ಸೆಪ್ಟೆಂಬರ್ ಕೊನೆಗೆ ಹಿಮದಡಿ ಜ್ವಾಲಾಮುಖಿ ಸಿಡಿಯಿತು. ನೀರು ತಕ್ಷಣ ಬರಲಿಲ್ಲ. ಇಡೀ ದೇಶ ಒಂದು ತಿಂಗಳಿಗೂ ಹೆಚ್ಚು ಕಾಲ ಕಾದು ಕೂತಿತು. ನವೆಂಬರ್ 5ರಂದು ಪ್ರವಾಹ ಇಳಿದಾಗ ಮನೆಯಷ್ಟು ದೊಡ್ಡ ಹಿಮದ ಬಂಡೆಗಳೂ ಉರುಳಿಕೊಂಡು ಬಂದವು. ಒಂದು ಸೇತುವೆ ಪೂರ್ತಿ ಕೊಚ್ಚಿಹೋಯಿತು, ಉದ್ದದ ಇನ್ನೊಂದು ತುಂಡಾಯಿತು. ಆ ಪ್ರವಾಹಕ್ಕೆ ಸಿಕ್ಕ ಎರಡು ಉಕ್ಕಿನ ತೊಲೆಗಳು ಈಗಲೂ ಸ್ಕಾಫ್ಟಾಫೆಟ್ಲ್ ಸಮೀಪ ರಸ್ತೆ ಬದಿಯಲ್ಲಿವೆ. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡಿರುವ ಆ ಉಕ್ಕನ್ನು ಕಾರು ನಿಲ್ಲಿಸಿ ಮುಟ್ಟಿ ನೋಡಬಹುದು. ಪಕ್ಕದಲ್ಲೇ ಇನ್ನೊಂದು ಸೋಜಿಗವಿದೆ. ದುರಸ್ತಿಯಾಗಿ ಮತ್ತೆ ಓಡಾಟಕ್ಕೆ ತೆರೆದಿದ್ದ ಸುಮಾರು 880 ಮೀಟರ್‌ನ ಸೇತುವೆಯ ಕೆಳಗಿಂದ 2009ರಲ್ಲಿ ನದಿಯೇ ಎದ್ದು ಬೇರೆ ಪಾತ್ರಕ್ಕೆ ಹೋಯಿತು! ಹಿಮನದಿ ಹಿಂದೆ ಸರಿದದ್ದೇ ಅದಕ್ಕೆ ಕಾರಣ. ದೇಶದಲ್ಲೇ ಉದ್ದದ್ದೆನಿಸಿದ್ದ ಸೇತುವೆ ಒಣ ಮರಳಿನ ಮೇಲೆ ನಿರುದ್ಯೋಗಿಯಾಯಿತು. 2017ರಲ್ಲಿ ಪಕ್ಕದಲ್ಲೊಂದು ಚಿಕ್ಕ ಸೇತುವೆ ಕಟ್ಟಿ ಸಂಚಾರವನ್ನು ಅತ್ತ ತಿರುಗಿಸಿದರು.

ಇಷ್ಟು ಕಥೆ ಹೇಳಲು ಕಾರಣವಿದೆ. ನಮ್ಮಲ್ಲಿ ಪ್ರವಾಸದ ಯೋಜನೆ ಎಂದರೆ ಕಾಗದದ ಮೇಲೆ ನಿಮಿಷ ಲೆಕ್ಕದ ವೇಳಾಪಟ್ಟಿ. ಬೆಳಿಗ್ಗೆ ಎಂಟಕ್ಕೆ ಜಲಪಾತ, ಹನ್ನೊಂದಕ್ಕೆ ಕಡಲತೀರ, ಮೂರಕ್ಕೆ ಹಿಮನದಿ. ಸರ್ಕಾರ ಕಟ್ಟಿದ ಹೆದ್ದಾರಿ ಸೇತುವೆಯನ್ನೇ ಲೆಕ್ಕಕ್ಕಿಡದ ನೆಲ ನಮ್ಮ ವೇಳಾಪಟ್ಟಿಗೆ ಸೊಪ್ಪು ಹಾಕೀತೇ? ಅಲ್ಲಿಗೆ ಯೋಜನೆ ಬೇಕು, ಆದರೆ ಅದು ಸಡಿಲ ಹೆಣಿಗೆಯದ್ದಾಗಿರಬೇಕು.

ಮೊದಲ ಲೆಕ್ಕ ದಿನಗಳದ್ದು. ಡಾಂಬರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 90 ಕಿ.ಮೀ. 1,322ನ್ನು 90ರಿಂದ ಭಾಗಿಸಿದರೆ ಹದಿನೈದು ಗಂಟೆಗೂ ಕಡಿಮೆ, ಹಾಗಾದರೆ ಐದು ದಿನದಲ್ಲಿ ಆರಾಮಾಗಿ ಮುಗಿಸಬಹುದು ಎಂದು ಹೊರಡುವವರಿದ್ದಾರೆ. ಅಂಥವರು ವಿಂಡ್‌ಶೀಲ್ಡ್ ನೋಡಿಕೊಂಡು ವಾಪಸ್ ಬರುತ್ತಾರೆ. ರೇಕ್ಯಾವಿಕ್‌ನಿಂದ ದಕ್ಷಿಣದ ವೀಕ್ ಹಳ್ಳಿಗೆ 187 ಕಿ.ಮೀ. ನಡುವೆ ಸೆಲ್ಯಾಲಂಡ್ಸ್‌ಫಾಸ್ ಇದೆ, ಅದರ ಹಿಂಬದಿಗೆ ಹೋಗಿ ನೀರಿನ ಪರದೆಯ ಒಳಗಿಂದ ಹೊರಗೆ ನೋಡಬಹುದು. 60 ಮೀಟರ್ ಎತ್ತರದಿಂದ ಒಂದೇ ಹಾಸಾಗಿ ಬೀಳುವ ಸ್ಕೋಗಾಫಾಸ್ ಇದೆ. ಈ ಎರಡರ ಮುಂದೆಯೇ ಅರ್ಧ ದಿನ ಸರಿಯುತ್ತದೆ. ವೀಕ್‌ನಿಂದ ಹಿಮಗಡ್ಡೆಗಳು ತೇಲುವ ಯೋಕುಲ್ಸಾರ್ಲೋನ್ ಸರೋವರಕ್ಕೆ ಇನ್ನೂ 190 ಕಿ.ಮೀ. ಚಿಲ್ಲರೆ. ಅದರಾಚೆ ಪೂರ್ವದ ಫ್ಯೋರ್ಡ್‌ಗಳು. ಅಲ್ಲಿ ರಸ್ತೆ ಕಡಲಿನ ಪ್ರತಿ ಕೊಲ್ಲಿಯ ಒಳಗೂ ಹೋಗಿ ಹೊರಗೆ ಬರುತ್ತದೆ. ಎದುರು ದಡ ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಮುಟ್ಟಲು ಅರ್ಧ ಗಂಟೆ ಹಿಡಿಯುತ್ತದೆ. ಉತ್ತರದ ಅಕುರೇರಿಯಿಂದ ರೇಕ್ಯಾವಿಕ್‌ಗೆ ಮರಳುವುದಕ್ಕೇ 388 ಕಿ.ಮೀ.

ನನ್ನ ತೀರ್ಪು ಇಷ್ಟು: ಕೈಯಲ್ಲಿ ಹತ್ತು ದಿನ ಇದ್ದರೆ ಪೂರ್ತಿ ಸುತ್ತು ಹಾಕಿ. ಒಂದೇ ವಾರ ಇದ್ದರೆ ದಕ್ಷಿಣ ಕರಾವಳಿಯಲ್ಲಿ ಹಪ್ನ್‌ವರೆಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿ. ಹೋದ ದಾರಿಯಲ್ಲೇ ಬರುವುದೆಂದರೆ ದುಡ್ಡು ದಂಡ ಎನ್ನುವವರು ಹೋಗುವಾಗ ಮಂಜಿನಲ್ಲಿ ಮುಚ್ಚಿಹೋಗಿದ್ದ ಬೆಟ್ಟ ಬರುವಾಗ ಬಿಸಿಲಲ್ಲಿ ಎದ್ದು ನಿಂತಿರುವುದನ್ನು ನೋಡಿದ ಮೇಲೆ ಆ ಮಾತಾಡುವುದಿಲ್ಲ.

ಯಾವಾಗ ಹೋಗಬೇಕು ಎಂಬುದು ಎರಡನೆಯ ಪ್ರಶ್ನೆ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್-ಮೇ. ಅಲ್ಲಿ ಅದು ಚಳಿಗಾಲದ ಬಾಲ. ಏಪ್ರಿಲ್‌ನಲ್ಲಿ ಉತ್ತರದ ಘಟ್ಟಗಳ ಮೇಲೆ ಹಿಮ ಬೀಳುವುದು ಮಾಮೂಲು. ಮೇ ಕೊನೆಯ ವಾರಗಳು ಪರವಾಗಿಲ್ಲ. ದಸರಾ ರಜೆಗೆ ಹೋದರೆ ಹಗಲು ಮೊಟಕು, ಮೊದಲ ಹಿಮದ ಭಯ, ಆದರೆ ಆಕಾಶ ತಿಳಿಯಾಗಿದ್ದರೆ ಧ್ರುವಪ್ರಭೆ ಕಾಣುವ ಅವಕಾಶ. ಮೊದಲ ಸಲ ಹೊರಡುವವರಿಗೆ ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಕಾಲವೇ ಲೇಸು. ಜೂನ್‌ನಲ್ಲಿ ಕತ್ತಲೆಯೇ ಆಗುವುದಿಲ್ಲ, ರಾತ್ರಿ ಹನ್ನೊಂದಕ್ಕೂ ಜಲಪಾತದ ಫೋಟೊ ತೆಗೆಯಬಹುದು. ಬೆಳಕಿದೆಯೆಂದು ಓಡಿಸುತ್ತಲೇ ಇದ್ದು ಸ್ಟಿಯರಿಂಗ್ ಮೇಲೆ ತೂಕಡಿಸುವ ಅಪಾಯವೂ ಅಷ್ಟೇ ಇದೆ. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿಯೊಂದು ಬ್ಯಾಗಿನಲ್ಲಿರಲಿ. ಡಿಸೆಂಬರ್‌ನಲ್ಲಿ ರೇಕ್ಯಾವಿಕ್‌ಗೆ ಸಿಗುವ ಹಗಲು ನಾಲ್ಕು ಗಂಟೆಯ ಆಸುಪಾಸು. ಹಿಮದ ಮೇಲೆ ಗಾಡಿ ಓಡಿಸಿ ಗೊತ್ತಿಲ್ಲದವರು ಆ ಕಾಲದಲ್ಲಿ ಸ್ಟಿಯರಿಂಗ್ ಮುಟ್ಟದೆ ಟೂರ್ ಬಸ್ಸು ಹತ್ತುವುದು ಕ್ಷೇಮ.

ಕಾಗದಪತ್ರದ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇನೆ. ಐಸ್‌ಲ್ಯಾಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ 2001ರಿಂದ ಷೆಂಗೆನ್ ವ್ಯವಸ್ಥೆಯಲ್ಲಿದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇದಲ್ಲದೆ ನಿಮ್ಮ ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅದು ಮೂಲ ಲೈಸೆನ್ಸಿಗೆ ಜೋಡಿ ಮಾತ್ರ, ಬದಲಿ ಅಲ್ಲ. ಎರಡೂ ಕೈಯಲ್ಲಿರಬೇಕು. ಕಾರು ಕಾಯ್ದಿರಿಸಿದವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು ಎಂದು ಬಹಳ ಕಂಪನಿಗಳು ಹಟ ಹಿಡಿಯುತ್ತವೆ. ಮಗನ ಕಾರ್ಡಿನಲ್ಲಿ ಬುಕ್ ಮಾಡಿ ಅಪ್ಪ ಕೌಂಟರಿನ ಮುಂದೆ ನಿಂತರೆ ಪೇಚಾಟ ಗ್ಯಾರಂಟಿ.

ಕಾರಿನ ಆಯ್ಕೆಯಲ್ಲಿ ಜನ ಎಡವುವುದು ಎರಡು ಕಡೆ. ಡಾಂಬರಿನ ರಿಂಗ್ ರೋಡಿಗೆ ಬೇಸಿಗೆಯಲ್ಲಿ ಸಣ್ಣ ಕಾರು ಧಾರಾಳ ಸಾಕು. ಕೊನೆಯದಾಗಿ ಉಳಿದಿದ್ದ ಜಲ್ಲಿಯ ತುಂಡು, ಪೂರ್ವದ ಬೆರುಫ್ಯೋರ್ದುರ್ ಕೊಲ್ಲಿಯ ತಲೆಯಲ್ಲಿದ್ದದ್ದು, 2019ರಲ್ಲಿ ಡಾಂಬರು ಕಂಡಿತು. ಸುಮ್ಮನೆ ದೊಡ್ಡ ಗಾಡಿ ಹಿಡಿದು ಪೆಟ್ರೋಲಿಗೆ ಸುರಿಯಬೇಡಿ. ಆದರೆ ನಕ್ಷೆಯಲ್ಲಿ ‘ಎಫ್’ ಅಕ್ಷರದಿಂದ ಶುರುವಾಗುವ ರಸ್ತೆಗಳ ಮಾತೇ ಬೇರೆ. ಅವು ಒಳನಾಡಿನ ಬೆಟ್ಟದ ದಾರಿಗಳು. ಹಿಮ ಕರಗಿ ನೆಲ ಗಟ್ಟಿಯಾದ ಮೇಲೆ, ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈ ಹೊತ್ತಿಗೆ ತೆರೆಯುತ್ತವೆ. ಹಲವೆಡೆ ಸೇತುವೆಯಿಲ್ಲದ ಹೊಳೆ ಇಳಿದು ದಾಟಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಇಲ್ಲದೆ ಅತ್ತ ಹೋಗುವಂತಿಲ್ಲ. ಗಾಡಿ ಯಾವುದೇ ಇರಲಿ, ಹೊಳೆಯಲ್ಲಿ ಇಂಜಿನ್ನಿಗೆ ನೀರು ನುಗ್ಗಿದರೆ ಸಾಮಾನ್ಯವಾಗಿ ವಿಮೆ ಕೈಯೆತ್ತುತ್ತದೆ. ಇನ್ನು ರಸ್ತೆ ಬಿಟ್ಟು ಪಾಚಿಯ ಮೇಲೋ ಮರಳಿನ ಮೇಲೋ ಗಾಡಿ ಇಳಿಸುವುದು ಅಪರಾಧ. ಆ ಪಾಚಿ ಒಮ್ಮೆ ಕಿತ್ತುಹೋದರೆ ಮತ್ತೆ ಹಬ್ಬಲು ದಶಕಗಳು ಬೇಕು. ಅದಕ್ಕೇ ದಂಡವೂ ಭಾರಿ.

ವಿಮೆಯ ಹಾಳೆಯನ್ನು ನಿಧಾನವಾಗಿ ಓದಿ. ಜಲ್ಲಿ ಸಿಡಿದು ಗಾಜು ಒಡೆದರೆ ಒಂದು ವಿಮೆ, ಮರಳು-ಬೂದಿಯ ಗಾಳಿಗೆ ಬಣ್ಣ ಕಿತ್ತುಬಂದರೆ ಇನ್ನೊಂದು. ಮರಳಿನ ವಿಮೆ ಕೇಳಿ ‘ಇದು ದುಡ್ಡು ಕೀಳುವ ತಂತ್ರ’ ಎನಿಸಬಹುದು. ಮೇಲೆ ಹೇಳಿದ ಕಪ್ಪು ಬಯಲಿನಲ್ಲಿ ಬಿರುಗಾಳಿ ಎದ್ದಾಗ ಮರಳು ಕಾರಿನ ಒಂದು ಬದಿಯ ಬಣ್ಣವನ್ನು ಉಜ್ಜುಕಾಗದದಿಂದ ತಿಕ್ಕಿದಂತೆ ತೆಗೆಯುತ್ತದೆ, ಗಾಜು ಮಬ್ಬಾಗುತ್ತದೆ. ದಕ್ಷಿಣಕ್ಕೆ ಹೋಗುವವರು ಎರಡೂ ವಿಮೆ ಕೊಳ್ಳಬೇಕು ಎಂದೇ ನಾನು ಹೇಳುವುದು. ಕಾರು ಒಪ್ಪಿಕೊಳ್ಳುವ ಮುನ್ನ ಸುತ್ತಲೂ ಒಂದು ವಿಡಿಯೊ ತೆಗೆದಿಟ್ಟುಕೊಳ್ಳಿ. ಹಳೆಯ ಗೀರು ನಿಮ್ಮ ಲೆಕ್ಕಕ್ಕೆ ಬರಬಾರದು.

ಈಗ ಸ್ಟಿಯರಿಂಗ್. ಐಸ್‌ಲ್ಯಾಂಡಿನವರೂ ಒಂದು ಕಾಲಕ್ಕೆ ನಮ್ಮಂತೆ ಎಡಬದಿಯಲ್ಲೇ ಓಡಿಸುತ್ತಿದ್ದವರು. ಸ್ವೀಡನ್ 1967ರ ಸೆಪ್ಟೆಂಬರ್‌ನಲ್ಲಿ ಬಲಕ್ಕೆ ಬದಲಾಯಿತು, 1968ರ ಮೇ 26ರಂದು ಇವರೂ ಬದಲಾದರು. ನಮ್ಮವರಿಗೆ ಬಲಬದಿ ಎರಡು ಗಂಟೆಯಲ್ಲಿ ರೂಢಿಯಾಗುತ್ತದೆ. ಬೇಗ ರೂಢಿಯಾಗದ್ದು ಕೈಗಳಿಗೆ. ಇಂಡಿಕೇಟರ್ ಕಡ್ಡಿ ಎಡಗಡೆ, ವೈಪರ್ ಬಲಗಡೆ. ತಿರುವು ಬಂದಾಗಲೆಲ್ಲ ಒಣ ಗಾಜಿನ ಮೇಲೆ ವೈಪರ್ ಕಿರಗುಟ್ಟುತ್ತದೆ. ಇದರ ಜೊತೆಗೆ ಬಲಗೈಯಲ್ಲಿ ಗೇರು ಬದಲಿಸುವ ಪಾಡು ಬೇಡ, ಆಟೊಮ್ಯಾಟಿಕ್ ಗಾಡಿಯನ್ನೇ ಕೇಳಿ ಪಡೆಯಿರಿ. ಎರಡು ಪಥದ ವೃತ್ತಗಳಲ್ಲಿ ಒಳಪಥದಲ್ಲಿರುವ ಕಾರಿಗೆ ಹೊರಬರುವ ಮೊದಲ ಹಕ್ಕು, ಹೊರಪಥದವರು ಬಿಟ್ಟುಕೊಡಬೇಕು. ಈ ನಿಯಮ ಯುರೋಪಿನ ಬೇರೆ ಕಡೆಯಿಂದ ಬಂದವರನ್ನೂ ಗಲಿಬಿಲಿಗೊಳಿಸುತ್ತದೆ. ಹೆಡ್‌ಲೈಟ್ ಹಗಲಿನಲ್ಲೂ ಉರಿಯುತ್ತಿರಬೇಕು. ಜಲ್ಲಿ ರಸ್ತೆಯಲ್ಲಿ ಮಿತಿ 80, ಊರೊಳಗೆ ಸಾಮಾನ್ಯವಾಗಿ 50. ಡಾಂಬರು ಮುಗಿದು ಜಲ್ಲಿ ಶುರುವಾಗುವ ಜಾಗದಲ್ಲಿ ವೇಗ ತಗ್ಗಿಸದೆ ಗಾಡಿ ಜಾರಿಸಿಕೊಂಡವರು ಲೆಕ್ಕವಿಲ್ಲದಷ್ಟು.

ಒಂಟಿ ಪಥದ ಸೇತುವೆಗಳು ರಿಂಗ್ ರೋಡಿನಲ್ಲೂ ಉಳಿದುಕೊಂಡಿವೆ. ಲೈಟು ಮಿಣುಕಿಸಿ ‘ನಾ ಬಂದೆ’ ಎಂದು ನುಗ್ಗುವುದು ನಮ್ಮ ಪದ್ಧತಿ. ಅಲ್ಲಿ ಸೇತುವೆಗೆ ಯಾರು ಹತ್ತಿರವಿದ್ದಾರೋ ಅವರು ಮೊದಲು, ಇನ್ನೊಬ್ಬರು ಕಾಯಬೇಕು. ಸಂಶಯವಿದ್ದರೆ ನಿಂತುಬಿಡಿ. 2018ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಿಂದ ಪ್ರವಾಸ ಬಂದಿದ್ದ ಭಾರತೀಯ ಮೂಲದ ಕುಟುಂಬದ ಕಾರು ಇದೇ ದಕ್ಷಿಣದ ಬಯಲಿನ ನೂಪ್ಸ್‌ವೋತ್ನ್ ಎಂಬಲ್ಲಿ ಒಂಟಿ ಪಥದ ಸೇತುವೆಯ ಕಂಬಿ ಮುರಿದು ಕೆಳಗೆ ಬಿದ್ದು ಮೂವರು ತೀರಿಕೊಂಡರು. ಈಗ ಅಲ್ಲಿ ಎರಡು ಪಥದ ಹೊಸ ಸೇತುವೆ ಬಂದಿದೆ. ಇನ್ನೊಂದು ಜಾಗ್ರತೆ ಕುರಿಗಳದ್ದು. ಬೇಸಿಗೆಯಲ್ಲಿ ಅವನ್ನು ಬಯಲಿಗೆ ಬಿಟ್ಟಿರುತ್ತಾರೆ, ಸೆಪ್ಟೆಂಬರ್‌ನಲ್ಲಿ ಊರವರೆಲ್ಲ ಸೇರಿ ಅಟ್ಟಿಕೊಂಡು ಬರುತ್ತಾರೆ. ತಾಯಿ ರಸ್ತೆಯ ಈ ಬದಿ, ಮರಿ ಆ ಬದಿ ಇದ್ದರೆ ಕಾರು ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಮರಿ ಓಡುತ್ತದೆ.

ಗೂಗಲ್ ನಕ್ಷೆಯನ್ನು ನಂಬಿ, ಆದರೆ ಕುರುಡಾಗಿ ನಂಬಬೇಡಿ. 2016ರಲ್ಲಿ ಅಮೆರಿಕದ ಪ್ರವಾಸಿಯೊಬ್ಬ ಕೆಫ್ಲಾವಿಕ್‌ನಿಂದ ರೇಕ್ಯಾವಿಕ್‌ನ ಹೋಟೆಲಿಗೆ ಹೊರಟಿದ್ದ. ಒಂದು ಗಂಟೆಯೂ ಹಿಡಿಯದ ದಾರಿ. ಬೀದಿಯ ಹೆಸರಿನಲ್ಲಿ ಒಂದೇ ಒಂದು ಅಕ್ಷರ ಹೆಚ್ಚಿತ್ತು. ಜಿಪಿಎಸ್ ಹೇಳಿದಂತೆ ಗಂಟೆಗಟ್ಟಲೆ ಓಡಿಸಿ ದೇಶದ ಉತ್ತರ ತುದಿಯ ಸಿಗ್ಲುಫ್ಯೋರ್ದುರ್ ಎಂಬ ಮೀನುಗಾರರ ಊರಿನಲ್ಲಿ ಯಾರದ್ದೋ ಮನೆಯ ಬಾಗಿಲು ತಟ್ಟಿದ. ಆ ದೇಶದ ಪತ್ರಿಕೆಗಳು ಅವನನ್ನು ಹೀರೊ ಮಾಡಿದವು. ಎಲ್ಲರ ಪಾಲಿಗೂ ತಪ್ಪುದಾರಿ ಇಷ್ಟು ದಯಾಳುವಾಗಿರುವುದಿಲ್ಲ. ಪೂರ್ವದಲ್ಲಿ ಓಕ್ಸಿ ಎಂಬ ಘಟ್ಟದ ಅಡ್ಡದಾರಿಯಿದೆ, ಸಂಖ್ಯೆ 939. ಫ್ಯೋರ್ಡ್‌ಗಳನ್ನು ಬಳಸುವ ರಿಂಗ್ ರೋಡಿಗೆ ಹೋಲಿಸಿದರೆ ಅರವತ್ತಕ್ಕೂ ಹೆಚ್ಚು ಕಿ.ಮೀ. ಉಳಿಯುತ್ತದೆಂದು ನಕ್ಷೆ ಅತ್ತಲೇ ಕೈ ತೋರಿಸುತ್ತದೆ. ಅದು ಕಡಿದಾದ ಜಲ್ಲಿ ರಸ್ತೆ, ಮೇಲೆ ಮಂಜು, ಚಳಿಗಾಲದಲ್ಲಿ ಬಂದ್.

ಹೊರಡುವ ಮುನ್ನ ಪ್ರತಿ ಬೆಳಿಗ್ಗೆ ನೋಡಬೇಕಾದ ತಾಣಗಳು ಮೂರು: ಹವಾಮಾನ ಇಲಾಖೆಯ ‘ವೇದುರ್’, ರಸ್ತೆ ಇಲಾಖೆಯ ‘ಉಮ್ಫೆರ್ದಿನ್’, ರಕ್ಷಣಾ ಸ್ವಯಂಸೇವಕರ ಒಕ್ಕೂಟ ನಡೆಸುವ ‘ಸೇಫ್‌ಟ್ರಾವೆಲ್’. ಮೂರೂ ಇಂಗ್ಲಿಷಿನಲ್ಲಿ ಸಿಗುತ್ತವೆ. ಗಾಳಿಯ ವೇಗವನ್ನು ಅಲ್ಲಿ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಕೊಡುತ್ತಾರೆ. ‘ಇಪ್ಪತ್ತು’ ಎಂದು ಓದಿ ತಂಗಾಳಿ ಅಂದುಕೊಳ್ಳಬೇಡಿ, 3.6ರಿಂದ ಗುಣಿಸಿ. ಗಂಟೆಗೆ 72 ಕಿ.ಮೀ. ಆಯಿತು. ಬೆಟ್ಟದ ಬುಡದಲ್ಲಿ ನುಗ್ಗುವ ಹೊಡೆತ ಇದಕ್ಕೂ ಹೆಚ್ಚಿರುತ್ತದೆ. ಮಲಗುವ ವ್ಯವಸ್ಥೆಯ ಎತ್ತರದ ಕ್ಯಾಂಪರ್ ವ್ಯಾನು ತೆಗೆದುಕೊಂಡವರು 15 ದಾಟಿತೆಂದರೆ ಎರಡು ಸಲ ಯೋಚಿಸಬೇಕು. ಎಚ್ಚರಿಕೆ ಹಳದಿ ಇದ್ದರೆ ಹುಷಾರು, ಕಿತ್ತಳೆಯಾದರೆ ಪ್ರಯಾಣ ಬೇಡ, ಕೆಂಪಾದರೆ ಕಿಟಕಿಯನ್ನೂ ತೆಗೆಯಬೇಡಿ. ಇದಕ್ಕೇ ನಾನು ಸಡಿಲ ಹೆಣಿಗೆ ಎಂದದ್ದು. ನಡುವೆ ಒಂದೋ ಎರಡೋ ದಿನ ಖಾಲಿ ಬಿಡಿ. ನಾಲ್ಕು ಕಾಸು ಹೆಚ್ಚಾದರೂ ಕೊನೆಯ ಗಳಿಗೆಯಲ್ಲಿ ರದ್ದು ಮಾಡಬಹುದಾದ ಕೊಠಡಿಗಳನ್ನೇ ಕಾಯ್ದಿರಿಸಿ. ವ್ಯಾನಿನಲ್ಲೇ ಮಲಗುವವರು ಅಧಿಕೃತ ಕ್ಯಾಂಪ್ ಜಾಗದಲ್ಲಿ ಮಾತ್ರ ರಾತ್ರಿ ಕಳೆಯಬೇಕು, ರಸ್ತೆ ಬದಿ ನಿಲ್ಲಿಸಿ ಮಲಗುವಂತಿಲ್ಲ.

ಖರ್ಚಿನಲ್ಲಿ ನೋಯಿಸುವುದು ಊಟ. ಹೋಟೆಲಿನಲ್ಲಿ ಇಬ್ಬರು ಕೂತು ಎದ್ದರೆ ಬೆಂಗಳೂರಿನಲ್ಲಿ ವಾರದ ತರಕಾರಿಗೆ ಆಗುವ ದುಡ್ಡು ಹೋಗಿರುತ್ತದೆ. ಅಡುಗೆಮನೆಯಿರುವ ಗೆಸ್ಟ್‌ಹೌಸ್ ಹಿಡಿಯಿರಿ. ಹಂದಿಯ ಚಿತ್ರದ ಫಲಕವಿರುವ ‘ಬೋನಸ್’ ಅಂಗಡಿಯಲ್ಲಿ ಅಕ್ಕಿ, ತರಕಾರಿ, ನಮ್ಮ ಗಟ್ಟಿ ಮೊಸರಿನ ದಾಯಾದಿಯಂತಿರುವ ಸ್ಕೀರ್ ಸಿಗುತ್ತವೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಮನೆಯಿಂದಲೇ ಬರಲಿ. ಹಸಿ ಮಾಂಸ, ಹಸಿ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಕುಡಿಯುವ ನೀರು ಕೊಳ್ಳುವುದು ಶುದ್ಧ ದಂಡ, ನಲ್ಲಿಯ ತಣ್ಣೀರು ಅಷ್ಟು ಚೆನ್ನಾಗಿದೆ. ಬಿಸಿನೀರಿಗೆ ಹಲವೆಡೆ ಗಂಧಕದ ವಾಸನೆ. ಭೂಮಿಯೊಳಗೇ ಕಾದದ್ದಾದ್ದರಿಂದ ಹಾಗೆ. ಪೆಟ್ರೋಲ್ ಬಂಕುಗಳಲ್ಲಿ ಬಹಳ ಕಡೆ ಸಿಬ್ಬಂದಿಯೇ ಇರುವುದಿಲ್ಲ. ಯಂತ್ರಕ್ಕೆ ಕಾರ್ಡಿನ ಪಿನ್ ಬೇಕು, ಅದು ನೆನಪಿನಲ್ಲಿರಲಿ. ಪೂರ್ವ ಮತ್ತು ಈಶಾನ್ಯದಲ್ಲಿ ಅರ್ಧ ಟ್ಯಾಂಕ್ ಆದೊಡನೆ ತುಂಬಿಸಿಬಿಡಿ. ಅಕುರೇರಿ ಬಳಿಯ 7.4 ಕಿ.ಮೀ. ಸುರಂಗಕ್ಕೆ ಟೋಲ್ ಇದೆ, ಟೋಲ್ ಗೇಟ್ ಇಲ್ಲ. ಆನ್‌ಲೈನಿನಲ್ಲಿ ನೀವೇ ಕಟ್ಟಬೇಕು. ಮರೆತರೆ ಕಾರು ಕಂಪನಿ ತನ್ನ ಶುಲ್ಕ ಸೇರಿಸಿ ನಿಮ್ಮ ಕಾರ್ಡಿನಿಂದ ಎಳೆದುಕೊಳ್ಳುತ್ತದೆ.

ಮೊದಲ ದಿನದ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಬೆಂಗಳೂರಿನಿಂದ ಐಸ್‌ಲ್ಯಾಂಡಿಗೆ ನೇರ ವಿಮಾನವಿಲ್ಲ. ರಾತ್ರಿಯೆಲ್ಲ ಹಾರಿ, ಯುರೋಪಿನ ಯಾವುದೋ ನಿಲ್ದಾಣದಲ್ಲಿ ಕಾದು, ಮತ್ತೆ ಹಾರಿ ಇಳಿಯುವ ಹೊತ್ತಿಗೆ ಕಣ್ಣು ಕೆಂಡವಾಗಿರುತ್ತದೆ. ಆ ಸ್ಥಿತಿಯಲ್ಲಿ ಅಪರಿಚಿತ ಬದಿಯಲ್ಲಿ ಕೂತು ವೀಕ್‌ವರೆಗೆ ಓಡಿಸುವ ಸಾಹಸ ಬೇಡವೇ ಬೇಡ. ರೇಕ್ಯಾವಿಕ್ ಸುಮಾರು 50 ಕಿ.ಮೀ. ದೂರ. ಅಲ್ಲಿಗೆ ಹೋಗಿ ಉಂಡು ಮಲಗಿ. ವಿಮಾನ ನಿಲ್ದಾಣವಿರುವ ರೇಕ್ಯಾನೆಸ್ ಪರ್ಯಾಯ ದ್ವೀಪದಲ್ಲಿ 2021ರಿಂದೀಚೆಗೆ ಮೇಲಿಂದ ಮೇಲೆ ನೆಲ ಬಾಯ್ದೆರೆದು ಲಾವಾ ಹರಿದಿದೆ. 2023ರ ನವೆಂಬರ್‌ನಲ್ಲಿ ಗ್ರಿಂಡಾವಿಕ್ ಎಂಬ ಇಡೀ ಊರನ್ನೇ ಖಾಲಿ ಮಾಡಿಸಿದರು. ಆ ಕಡೆ ಸುತ್ತುವ ಮನಸ್ಸಿದ್ದರೆ ಅಂದಿನ ಸೂಚನೆ ನೋಡಿಯೇ ಹೊರಡಿ. ಎರಡನೆಯ ದಿನ ಥಿಂಗ್‌ವೆಟ್ಲಿರ್‌ಗೆ ಹೋಗಿ. ಕ್ರಿ.ಶ. 930ರಿಂದ ಜನ ಸಭೆ ಸೇರಿ ಕಾನೂನು ಹೇಳುತ್ತಿದ್ದ ಕಣಿವೆ ಅದು. ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳು ದೂರ ಸರಿಯುತ್ತಿರುವ ಬಿರುಕೂ ಅದೇ. ಅಲ್ಲಿಂದ ಕೆಲವೇ ನಿಮಿಷಕ್ಕೊಮ್ಮೆ ಬಿಸಿನೀರು ಚಿಮ್ಮಿಸುವ ಸ್ಟ್ರೊಕುರ್, ಆಮೇಲೆ ಗುಟ್ಲ್‌ಫಾಸ್ ಜಲಪಾತ. ರಸ್ತೆ ಒಳ್ಳೆಯದು, ದೂರ ಕಡಿಮೆ. ಕೈಕಾಲು ಹೊಸ ಗಾಡಿಗೆ ಒಗ್ಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದಕ್ಷಿಣದ ದೂರದ ದಾರಿ ಮೂರನೆಯ ದಿನಕ್ಕಿರಲಿ. ವೀಕ್ ಬಳಿಯ ರೇನಿಸ್‌ಫ್ಯಾರಾ ಕಪ್ಪು ಕಡಲತೀರಕ್ಕೆ ಹೋದಾಗ ಮಾತ್ರ ಮಕ್ಕಳ ಕೈ ಬಿಡಬೇಡಿ. ಶಾಂತವಾಗಿ ಕಾಣುವ ಕಡಲಿನಿಂದ ಇದ್ದಕ್ಕಿದ್ದಂತೆ ಉದ್ದದ ಅಲೆ ಬಂದು ಕಾಲು ಕೀಳುತ್ತದೆ, ಹಲವರ ಪ್ರಾಣ ಹೋಗಿದೆ. ಅಪಾಯದ ಮಟ್ಟ ತೋರಿಸುವ ದೀಪದ ಫಲಕ ಅಲ್ಲಿದೆ. ಕೆಂಪು ಇದ್ದರೆ ದೂರದಿಂದಲೇ ನೋಡಿ ಬನ್ನಿ.

ತುರ್ತು ಕರೆಗೆ ಸಂಖ್ಯೆ 112. ಹುಡುಕಿಕೊಂಡು ಬರುವವರು ಸಂಬಳದ ನೌಕರರಲ್ಲ. ಕೆಲಸ ಬಿಟ್ಟು, ಊಟ ಬಿಟ್ಟು ಎದ್ದುಬರುವ ಸ್ವಯಂಸೇವಕರು. ರಸ್ತೆ ಮುಚ್ಚಿದೆ ಎಂಬ ಫಲಕವನ್ನು ಬಳಸಿಕೊಂಡು ಮುಂದೆ ಹೋಗಿ ಅವರನ್ನು ಬಿರುಗಾಳಿಗೆ ಎಳೆಯಬೇಡಿ. ಕೊನೆಯದಾಗಿ, ವಾಪಸ್ ಬರುವ ವಿಮಾನದ ಹಿಂದಿನ ರಾತ್ರಿ ರೇಕ್ಯಾವಿಕ್ ಅಥವಾ ಕೆಫ್ಲಾವಿಕ್‌ನಲ್ಲೇ ಕೊಠಡಿ ಮಾಡಿ. ಅಕುರೇರಿಯಿಂದ ಬೆಳಗಿನ ಜಾವ ಹೊರಟು ವಿಮಾನ ಹಿಡಿಯುತ್ತೇನೆ ಎಂಬ ಲೆಕ್ಕ, ನಡುವಿನ ಒಂದು ಘಟ್ಟದ ರಸ್ತೆ ಮುಚ್ಚಿದರೂ ತಲೆಕೆಳಗಾಗುತ್ತದೆ.